ಕಂಡದ್ದನ್ನು ಹೇಳಲೇ, ಅಳಿಸಿಬಿಡಲೇ?

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ನಾನು 63 ವರ್ಷದ ನಿವೃತ್ತ ನೌಕರ. ಬೆಳಗಾವಿಯ ಖಡೇಬಜಾರಿಗೆ ಹೊಂದಿಕೊಂಡ ಗಲ್ಲಿಯೊಂದರಲ್ಲಿ, ತಮ್ಮನ ಅಂಗಡಿಯ ಮೇಲಿನ ಮನೆಯಲ್ಲಿ ವಾಸವಾಗಿದ್ದೇನೆ. ಕಳೆದ ತಿಂಗಳು ಪ್ರತಿಭಟನಾ ಮೆರವಣಿಗೆಯೊಂದು ನಮ್ಮ ಗಲ್ಲಿಯ ಬಾಯಿಗೆ ಬಂದು ನಿಂತಾಗ ನಾನು ಮೇಲೆ ಗ್ಯಾಲರಿಯಲ್ಲಿದ್ದೆ. ಮೊದಲ ಅರ್ಧ ತಾಸು ಘೋಷಣೆ, ಭಾಷಣ, ನೀರಿನ ಪಾಕೀಟು ಹಂಚುವುದು, ಎಲ್ಲವೂ ಶಾಂತವಾಗಿಯೇ ನಡೆಯಿತು. ಮುಂದೆ ಹೋಗಬಾರದೆಂದು ಪೊಲೀಸರು ಬ್ಯಾರಿಕೇಡ್ ಅಡ್ಡ ಇಟ್ಟ ಮೇಲೆ ಹಿಂದಿದ್ದವರು ಮುಂದಿನವರನ್ನು ನೂಕತೊಡಗಿದರು. ಗಟಾರ ಕೆಲಸಕ್ಕೆಂದು ತಂದು ಸುರಿದಿದ್ದ ಖಡಿಯ ರಾಶಿ ಅಲ್ಲಿಯೇ ಇತ್ತು. ಮೊದಲ ಕಲ್ಲನ್ನು ಯಾರು ಎಸೆದರೋ ನಾನು ಕಾಣಲಿಲ್ಲ; ಶಟರುಗಳು ಒಂದರ ಹಿಂದೊಂದು ಇಳಿದ ಸದ್ದು ಮಾತ್ರ ಕೇಳಿಸಿತು. ಆಮೇಲೆ ಲಾಠಿ, ಅಶ್ರುವಾಯು, ಓಟ. ಕೆಳಗೆ ನಿಲ್ಲಿಸಿದ್ದ ನನ್ನ ಸ್ಕೂಟರಿಗೆ ಬೆಂಕಿ ಬಿತ್ತು. ಎಲ್ಲ ಮುಗಿದ ಮೇಲೆ ನೋಡಿದರೆ ರಸ್ತೆಯ ತುಂಬ ಒಂಟಿ ಚಪ್ಪಲಿಗಳು, ಅವುಗಳಲ್ಲಿ ಒಂದು ಶಾಲೆಯ ಮಗುವಿನ ಬೂಟು.

ನನ್ನ ಮೊಬೈಲಿನಲ್ಲಿ ನಾಲ್ಕು ನಿಮಿಷದ ವಿಡಿಯೊ ಇದೆ. ಅದರಲ್ಲಿ ಕಲ್ಲು ಎಸೆಯುತ್ತಿರುವ ಇಬ್ಬರ ಮುಖ ಕಾಣುತ್ತದೆ. ಅವರ ಹಿಂದೆ, ಔಷಧ ಅಂಗಡಿಯ ಕಟ್ಟೆಯ ಮೇಲೆ, ನನ್ನ ತಂಗಿಯ ಮಗನೂ ಕಾಣುತ್ತಾನೆ. ಅವನು ತಾಯಿಗೆ ಗುಳಿಗೆ ತರಲು ಹೋದವನು, ನಿಂತು ನೋಡುತ್ತಿದ್ದಾನೆ ಅಷ್ಟೆ. ಪೊಲೀಸರು ಗಲ್ಲಿಯ ಮನೆ ಮನೆಗೂ ವಿಚಾರಿಸುತ್ತಿದ್ದಾರೆ, ನನಗೆ ಫೋನ್ ಮಾಡಿ ಠಾಣೆಗೆ ಬರಹೇಳಿದ್ದಾರೆ. ತಂಗಿ ‘ಅಳಿಸಿಬಿಡು ಅಣ್ಣಾ’ ಎಂದು ಅಳುತ್ತಾಳೆ. ಸಾಕ್ಷಿ ಹೇಳಿದರೆ ನಾಳೆ ಇದೇ ಗಲ್ಲಿಯಲ್ಲಿ ಓಡಾಡಬೇಕಲ್ಲ ಎಂದು ನೆರೆಯವರು ಎಚ್ಚರಿಸುತ್ತಾರೆ. ನಾನೇನು ಮಾಡಲಿ? ಸ್ಕೂಟರಿನ ನಷ್ಟವನ್ನು ಯಾರಲ್ಲಿ ಕೇಳಲಿ?

– ಹೆಸರು ಬೇಡ, ಬೆಳಗಾವಿ

ಉತ್ತರ: ವಿಡಿಯೊ ಅಳಿಸಬೇಡಿ. ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬಹುದಾದ ದಾಖಲೆಯನ್ನು, ವಿದ್ಯುನ್ಮಾನ ದಾಖಲೆಯೂ ಸೇರಿದಂತೆ, ಅಲ್ಲಿಗೆ ಹೋಗದಂತೆ ತಡೆಯುವ ಉದ್ದೇಶದಿಂದ ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಇವತ್ತಿನವರೆಗೆ ಬರಿಯ ನೋಡುಗರಾಗಿರುವ ನೀವು ಒಂದು ಬೆರಳಿನ ಕೆಲಸದಿಂದ ಆರೋಪಿಯಾಗುತ್ತೀರಿ. ಆದರೆ ಕಾನೂನಿನ ಹೆದರಿಕೆಗಿಂತ ದೊಡ್ಡ ಕಾರಣ ಬೇರೆ ಇದೆ, ಅದನ್ನು ನಿಮ್ಮ ತಂಗಿಗೆ ಕೂಡಿಸಿಕೊಂಡು ತಿಳಿಸಿ ಹೇಳಿ: ಆ ನಾಲ್ಕು ನಿಮಿಷದ ವಿಡಿಯೊ ಅವಳ ಮಗನ ಪಾಲಿಗೆ ಬಂದಿರುವ ಅತ್ಯುತ್ತಮ ರಕ್ಷಣೆ. ಬೀದಿಯ ಸಿಸಿಟಿವಿಗಳಲ್ಲಿ ಅವನ ಮುಖ ಈಗಾಗಲೇ ಸಿಕ್ಕಿರಬಹುದು, ಅಲ್ಲಿ ಅವನು ಗುಂಪಿನ ನಡುವಿನ ಒಂದು ತಲೆ ಮಾತ್ರ. ನಿಮ್ಮ ವಿಡಿಯೊದಲ್ಲಿ ಅವನು ಕಟ್ಟೆಯ ಮೇಲಿದ್ದಾನೆ, ಕೈಯಲ್ಲಿ ಕಲ್ಲಿಲ್ಲ, ಕೂಗುತ್ತಿಲ್ಲ, ಎಸೆಯುವವರ ಜೊತೆಗೆ ಮುಂದೆ ಸರಿಯುತ್ತಲೂ ಇಲ್ಲ. ಇದನ್ನು ತೋರಿಸುವ ಬೇರೆ ದಾಖಲೆ ಪ್ರಪಂಚದಲ್ಲಿ ಇಲ್ಲದೆ ಇರಬಹುದು.

ಕಾನೂನು ಇಲ್ಲಿ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಗುಂಪಿನ ಅಪರಾಧದ ಲೆಕ್ಕ ಒಬ್ಬಂಟಿ ಅಪರಾಧದ ಲೆಕ್ಕಕ್ಕಿಂತ ಬೇರೆ. ಐವರು ಅಥವಾ ಹೆಚ್ಚು ಜನ ಕಾನೂನು ನಿಷೇಧಿಸಿದ ಸಮಾನ ಉದ್ದೇಶವಿಟ್ಟುಕೊಂಡು ಸೇರಿದರೆ ಅದು ಅಕ್ರಮ ಕೂಟ (189ನೇ ಕಲಂ). ಶಾಂತವಾಗಿ ಆರಂಭವಾದ ಸಭೆಯೂ ನಡುವೆ ಅಕ್ರಮ ಕೂಟವಾಗಿ ಬದಲಾಗಬಹುದು; ನಿಮ್ಮ ಗಲ್ಲಿಯಲ್ಲಿ ಆದದ್ದು ಹಾಗೆಯೇ ಇದ್ದಂತಿದೆ. ಅಂಥ ಕೂಟದ ಯಾವನೇ ಸದಸ್ಯನು ಕೂಟದ ಉದ್ದೇಶಕ್ಕಾಗಿ ಬಲಪ್ರಯೋಗ ಮಾಡಿದರೆ ಪ್ರತಿಯೊಬ್ಬ ಸದಸ್ಯನೂ ದೊಂಬಿಯ ಅಪರಾಧಿ, ಶಿಕ್ಷೆ ಎರಡು ವರ್ಷದವರೆಗೆ. ಮಾರಕ ಆಯುಧ ಹಿಡಿದಿದ್ದವನಿಗೆ ಐದು ವರ್ಷದವರೆಗೆ (191ನೇ ಕಲಂ). 190ನೇ ಕಲಂ ಇನ್ನೂ ಮುಂದೆ ಹೋಗಿ, ಒಬ್ಬನು ಹಚ್ಚಿದ ಬೆಂಕಿಗೆ ಉಳಿದ ಸದಸ್ಯರನ್ನೂ ಹೊಣೆ ಮಾಡುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ ಮಾತು 149ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅಂಕೆಗಳು ಬದಲಾಗಿವೆ, ತತ್ತ್ವ ಬದಲಾಗಿಲ್ಲ. (ನಿಷೇಧಾಜ್ಞೆಯ ಕಲಂ ಈಗ ಪೊಲೀಸ್ ಮತ್ತು ನ್ಯಾಯಾಲಯದ ಕ್ರಮಗಳನ್ನು ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದ್ದರೂ ನಮ್ಮ ಬಜಾರಿನಲ್ಲಿ ‘144 ಹಾಕ್ಯಾರ’ ಎಂಬ ಮಾತು ಇನ್ನೂ ಬಹಳ ಕಾಲ ಉಳಿಯಲಿದೆ.)

ನಿಮ್ಮ ತಂಗಿಯ ಅಂಜಿಕೆ ಹುಟ್ಟಿರುವುದು ಇಲ್ಲಿಂದಲೇ. ‘ಅಲ್ಲಿದ್ದವರೆಲ್ಲರೂ ಅಪರಾಧಿಗಳು’ ಎಂದು ಜನ ಇದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಕಾನೂನಿನ ಮಾತು ಅಲ್ಲಿದ್ದವರ ಬಗ್ಗೆ ಅಲ್ಲ, ಕೂಟದ ಸದಸ್ಯರ ಬಗ್ಗೆ. ಕುತೂಹಲಕ್ಕೆ ನಿಂತವನು, ದಾರಿ ಸಿಗದೆ ಸಿಕ್ಕಿಕೊಂಡವನು, ಗುಳಿಗೆ ತರಲು ಬಂದವನು ಆ ಉದ್ದೇಶದಲ್ಲಿ ಪಾಲುಗಾರನಾಗದ ಹೊರತು ಸದಸ್ಯನಲ್ಲ. ದೊಡ್ಡ ಗುಂಪಿನ ಪ್ರಕರಣಗಳಲ್ಲಿ ಅಮಾಯಕರು ಸೇರಿಹೋಗುವ ಅಪಾಯವನ್ನು ಮನಗಂಡ ಸರ್ವೋಚ್ಚ ನ್ಯಾಯಾಲಯವು, 1964ರ ಮಸಾಲ್ತಿ ಪ್ರಕರಣದಲ್ಲಿ, ಇಬ್ಬರು, ಮೂವರು ಅಥವಾ ಹೆಚ್ಚು ಸಾಕ್ಷಿಗಳು ಒಂದೇ ರೀತಿಯಾಗಿ ಗುರುತಿಸಿದ ಆರೋಪಿಗೆ ಮಾತ್ರ ಶಿಕ್ಷೆ ಎತ್ತಿಹಿಡಿಯುವ ಅಳತೆಗೋಲನ್ನು ಒಪ್ಪಿಕೊಂಡಿತು. ಅದು ಎಲ್ಲ ಪ್ರಕರಣಕ್ಕೂ ಕಡ್ಡಾಯವಾದ ನಿಯಮವಲ್ಲ, ಎಚ್ಚರದ ಕ್ರಮ. ಆದರೂ ಇದರ ಅರ್ಥವನ್ನು ಗಮನಿಸಿ: ಗುಂಪಿನ ಪ್ರಕರಣದಲ್ಲಿ ಒಬ್ಬ ಸಾಕ್ಷಿ ಮನೆಯಲ್ಲಿ ಕುಳಿತರೆ ತಪ್ಪು ಮಾಡಿದವನು ಬಿಡುಗಡೆಯಾಗಬಹುದು, ಒಬ್ಬ ಸಾಕ್ಷಿ ಅಂದಾಜಿನಲ್ಲಿ ಮಾತಾಡಿದರೆ ತಪ್ಪು ಮಾಡದವನು ಸಿಕ್ಕಿಬೀಳಬಹುದು.

ಠಾಣೆಗೆ ಕರೆದಿರುವ ಬಗ್ಗೆ. ಸಾಕ್ಷಿಯನ್ನು ಕರೆಯುವುದಾದರೆ ತನಿಖಾಧಿಕಾರಿಯು ಲಿಖಿತ ಆದೇಶ ಕೊಡಬೇಕು (ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ). 60 ವರ್ಷ ಮೀರಿದ ಪುರುಷರನ್ನು, ಮಹಿಳೆಯರನ್ನು, 15 ವರ್ಷದೊಳಗಿನ ಹುಡುಗರನ್ನು, ಅಂಗವಿಕಲರನ್ನು, ತೀವ್ರ ಅನಾರೋಗ್ಯದಲ್ಲಿರುವವರನ್ನು ಅವರು ವಾಸಿಸುವ ಸ್ಥಳ ಬಿಟ್ಟು ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ; ತಾವೇ ಬರಲು ಒಪ್ಪಿದರೆ ಅಡ್ಡಿಯಿಲ್ಲ. ನಿಮಗೆ 63. ‘ಮನೆಗೆ ಬನ್ನಿ, ಹೇಳಿಕೆ ಕೊಡುತ್ತೇನೆ’ ಎಂದು ಸೌಜನ್ಯದಿಂದ ಹೇಳುವ ಹಕ್ಕು ನಿಮಗಿದೆ. ಹೇಳಿಕೆಯ ಕೆಳಗೆ ಸಹಿ ಹಾಕಬೇಕಿಲ್ಲ, ಪೊಲೀಸರ ಮುಂದಿನ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯಬಾರದೆಂದು 181ನೇ ಕಲಮೇ ಹೇಳುತ್ತದೆ. ಬರೆದುಕೊಂಡದ್ದನ್ನು ಓದಿ ಹೇಳಿರೆಂದು ಕೇಳಿ, ನೀವು ಹೇಳದ ಮಾತು ಸೇರಿದ್ದರೆ ಅಲ್ಲಿಯೇ ತಿದ್ದಿಸಿ. ಸೋದರಳಿಯನಿಗೆ ಕಾಗದ ಬಂದರೆ ಮಾತ್ರ ಮೊದಲು ಕಲಂ ಓದಿ. 179 ಎಂದಿದ್ದರೆ ಅವನು ಸಾಕ್ಷಿ. 35(3) ಎಂದಿದ್ದರೆ ಅವನ ಮೇಲೆ ಸಂಶಯವಿದೆ ಎಂದರ್ಥ. ಆ ದಿನವೇ ವಕೀಲರನ್ನು ಕಾಣಲಿ, ಆದರೆ ಹಾಜರಾಗದೆ ಊರು ಬಿಡುವುದು ಬೇಡ, ಏಕೆಂದರೆ ನೋಟಿಸಿನಂತೆ ಹಾಜರಾಗುತ್ತಿರುವವನನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ, ತಪ್ಪಿಸಿಕೊಂಡವನಿಗೆ ಆ ರಕ್ಷಣೆ ಇಲ್ಲ.

ವಿಡಿಯೊವನ್ನು ಕತ್ತರಿಸಬೇಡಿ, ಮೂಲ ಫೈಲನ್ನು ಮೊಬೈಲಿನಲ್ಲಿ ಹಾಗೆಯೇ ಇಟ್ಟು ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಪ್ರತಿ ಕುಗ್ಗಿಹೋಗಿರುತ್ತದೆ, ಚಿತ್ರೀಕರಣದ ವೇಳೆಯಂಥ ಮೂಲ ವಿವರಗಳೂ ಅದರಲ್ಲಿ ಉಳಿಯುವುದಿಲ್ಲ. ಹೀಗಾಗಿ ಠಾಣೆಯ ಯಾರದೋ ನಂಬರಿಗೆ ಅದನ್ನು ಕಳಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಫೈಲು ಆಮೇಲೆ ಬದಲಾಗಿಲ್ಲವೆಂದು ತೋರಿಸುವ ಹ್ಯಾಷ್ ಮೌಲ್ಯವನ್ನು ಅದರಲ್ಲಿ ಬರೆಯಲಾಗುತ್ತದೆ. ಮೊಬೈಲನ್ನೇ ಜಪ್ತಿ ಮಾಡಿದರೆ ಪಂಚನಾಮೆಯ ಪ್ರತಿ ಪಡೆಯಿರಿ. ತಿಂಗಳುಗಟ್ಟಲೆ ಹಿಂತಿರುಗಿಸದಿದ್ದರೆ ಮಧ್ಯಂತರ ವಶಕ್ಕಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು. ಈ ಪತ್ರಿಕೆಯನ್ನು ಕೆಳಗಿಟ್ಟು ಇಂದೇ ಒಂದು ಹಾಳೆಯಲ್ಲಿ ನೀವು ಕಂಡದ್ದನ್ನು ಬರೆಯಿರಿ: ಎಲ್ಲಿ ನಿಂತಿದ್ದಿರಿ, ಅಲ್ಲಿಂದ ರಸ್ತೆಯ ಎಷ್ಟು ಭಾಗ ಕಾಣುತ್ತದೆ, ಯಾವುದನ್ನು ಕಣ್ಣಿನಿಂದ ಕಂಡಿರಿ, ಯಾವುದನ್ನು ಕಿವಿಯಿಂದ ಕೇಳಿದಿರಿ, ಯಾವುದನ್ನು ಆಮೇಲೆ ಟಿವಿಯಲ್ಲಿ ನೋಡಿದಿರಿ. ಈ ಮೂರನ್ನು ಒಂದಕ್ಕೊಂದು ಬೆರೆಸಬೇಡಿ. ‘ಮೊದಲ ಕಲ್ಲನ್ನು ಯಾರು ಎಸೆದರೋ ನಾನು ಕಾಣಲಿಲ್ಲ’ ಎಂದು ನೀವು ಬರೆದಿರುವ ಒಂದು ವಾಕ್ಯವೇ ನೀವು ಒಳ್ಳೆಯ ಸಾಕ್ಷಿ ಎಂದು ನನಗೆ ತೋರಿಸಿತು. ಹಲವು ವರ್ಷಗಳ ಹಿಂದೆ ಇಂಥದೇ ಪ್ರಕರಣವೊಂದರಲ್ಲಿ ನಾನು ಆರೋಪಿಯ ಪರ ವಕೀಲನಾಗಿದ್ದೆ. ಸಾಕ್ಷಿ ಪ್ರಾಮಾಣಿಕ ಮನುಷ್ಯ, ಕಿರಾಣಿ ಅಂಗಡಿಯವರು. ಕಲ್ಲೆಸೆದವನ ಹಣೆಯ ಮೇಲಿನ ಗಾಯದ ಗುರುತನ್ನೂ ಅಂಗಿಯ ಕಿಸೆಯ ಮೇಲಿನ ಹೆಸರನ್ನೂ ವರ್ಣಿಸಿ ಹೇಳಿದರು. ಅವರ ಅಂಗಡಿ ಗುಂಪಿನ ಬೆನ್ನ ಹಿಂದಿತ್ತು. ಪಾಟೀ ಸವಾಲಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಅವನು ನಿಮ್ಮ ಕಡೆ ತಿರುಗಿದ್ದು ಯಾವಾಗ?’ ಅವರು ಬಹಳ ಹೊತ್ತು ಸುಮ್ಮನಿದ್ದರು. ಟಿವಿಯವರ ಕ್ಯಾಮೆರಾ ಎದುರಿನ ಕಟ್ಟಡದ ಮೇಲಿತ್ತು. ಆ ದೃಶ್ಯವನ್ನು ಒಂದು ವಾರ ದಿನಕ್ಕೆ ಹತ್ತು ಸಲ ನೋಡಿ ನೋಡಿ, ತಾವೇ ಎದುರಿನಿಂದ ಕಂಡೆನೆಂದು ಅವರು ನಿಜವಾಗಿಯೂ ನಂಬಿದ್ದರು. ಅವರು ತಮ್ಮ ಕಣ್ಣಾರೆ ಕಂಡಿದ್ದ ಬೇರೆ ಸಂಗತಿಗಳೂ ಆ ಒಂದು ಮೌನದಲ್ಲಿ ಮುಳುಗಿಹೋದವು. ಪ್ರಕರಣ ನನ್ನ ಕಡೆಗೆ ಆಯಿತು, ಆದರೆ ಅಂದು ಸಂಜೆ ಮನೆಗೆ ಹೋಗುವಾಗ ನನಗೆ ಅಷ್ಟೇನೂ ಸಂತೋಷವಿರಲಿಲ್ಲ.

ಅಂಜಿಕೆಯ ಮಾತನ್ನು ನಾನು ಹಗುರ ಮಾಡುವುದಿಲ್ಲ. ಆ ಗಲ್ಲಿಯಲ್ಲಿ ಬಾಳುವವರು ನೀವು, ನಾನಲ್ಲ. ಸುಳ್ಳು ಸಾಕ್ಷಿ ಹೇಳೆಂದು ಬೆದರಿಸುವುದು ನ್ಯಾಯ ಸಂಹಿತೆಯ 232ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯುಳ್ಳ ಅಪರಾಧ, ಅದರ ಬಗ್ಗೆ ಬೇರೆಯೇ ದೂರು ಕೊಡಬಹುದು. 2018ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶಕ್ಕೆಲ್ಲ ಜಾರಿಗೊಳಿಸಿದ ಸಾಕ್ಷಿ ಸಂರಕ್ಷಣಾ ಯೋಜನೆಯ ಪ್ರಕಾರ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ರಕ್ಷಣೆ ಕೋರಿ ಅರ್ಜಿ ಸಲ್ಲಿಸಲಿಕ್ಕೂ ಅವಕಾಶವಿದೆ. ಆ ಯೋಜನೆ ಮುಖ್ಯವಾಗಿ ಏಳು ವರ್ಷ ಮತ್ತು ಅದಕ್ಕೂ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಿಗೆ ಸೇರಿದ್ದು. ಎರಡು ವರ್ಷದ ಬರಿಯ ದೊಂಬಿಗೆ ಅದು ದಕ್ಕದು. ನಿಮ್ಮ ಪ್ರಕರಣದಲ್ಲಿ ಬೆಂಕಿ ಹಚ್ಚಿದ ಆರೋಪ, ಅಂದರೆ 326ನೇ ಕಲಂ, ಸೇರಿದೆಯೇ ಎಂದು ಎಫ್‌ಐಆರ್ ನೋಡಿ ತಿಳಿದುಕೊಳ್ಳಿ. ಇದರ ಜೊತೆಗೆ ಒಂದು ಲೋಕಾನುಭವದ ಮಾತು: ವಿಡಿಯೊ ಇದೆಯೆಂದು ಗಲ್ಲಿಯಲ್ಲಿ ಯಾರಿಗೂ ಹೇಳಬೇಡಿ, ಈಗಾಗಲೇ ನೋಡಿದವರಿಗೆ ಮತ್ತೆ ತೋರಿಸಬೇಡಿ.

ಸ್ಕೂಟರಿನ ವಿಷಯ ಇಷ್ಟು ಗಡಚಲ್ಲ. ವಿಮೆಯ ಕಾಗದ ತೆಗೆದು ನೋಡಿ. ಸ್ವಂತ ಹಾನಿಯನ್ನೂ ಒಳಗೊಂಡ ಸಮಗ್ರ ಪಾಲಿಸಿಯಾಗಿದ್ದರೆ ದೊಂಬಿ ಮತ್ತು ಬೆಂಕಿಯಿಂದಾದ ಹಾನಿ ಅದರಲ್ಲಿ ಸೇರಿರುತ್ತದೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಏನೂ ಸಿಗದು. ಕಂಪನಿಗೆ ಕೂಡಲೇ ತಿಳಿಸಿ, ಸರ್ವೇಯರ್ ನೋಡುವವರೆಗೆ ಸುಟ್ಟ ಗಾಡಿಯನ್ನು ಗುಜರಿಗೆ ಕೊಡಬೇಡಿ. ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ; ಒಂದೇ ಘಟನೆಗೆ ಈಗಾಗಲೇ ಎಫ್‌ಐಆರ್ ಆಗಿದ್ದರೆ ನಿಮ್ಮ ದೂರನ್ನು ಅದಕ್ಕೇ ಸೇರಿಸಬಹುದು, ಅದರಿಂದ ನಿಮಗೆ ನಷ್ಟವಿಲ್ಲ. ಹಾನಿ ಮಾಡಿದವರಿಂದಲೇ ಪರಿಹಾರ ವಸೂಲಿ ಮಾಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿಯೇ ಮಾರ್ಗಸೂಚಿ ಕೊಟ್ಟಿದೆ, 2020ರ ಬೆಂಗಳೂರು ಡಿ.ಜೆ. ಹಳ್ಳಿ ಗಲಭೆಯ ನಂತರ ನಮ್ಮ ಹೈಕೋರ್ಟ್ ನಷ್ಟದ ಅಂದಾಜಿಗೆ ಕ್ಲೇಮ್ಸ್ ಕಮಿಷನರರನ್ನು ನೇಮಿಸಿದ್ದೂ ಉಂಟು. ಆದರೆ ಒಂದು ಸ್ಕೂಟರಿಗಾಗಿ ಆ ದಾರಿಯನ್ನು ನಂಬಿ ಕೂರಬೇಡಿ.

ಪ್ರಶ್ನೆ: ಗಲಭೆಯೊಂದರ ವಿಡಿಯೊ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿತ್ತು. ನಮ್ಮೂರಿನದೇ ಎಂದು ನಂಬಿ ಎರಡು ಗುಂಪುಗಳಿಗೆ ಕಳಿಸಿದೆ. ಮರುದಿನ ಅದು ಬೇರೆ ರಾಜ್ಯದ ಹಳೆಯ ವಿಡಿಯೊ ಎಂದು ತಿಳಿಯಿತು. ನನಗೆ ತೊಂದರೆಯಾದೀತೇ?

– ಓದುಗರು, ಬಾಗಲಕೋಟೆ

ಉತ್ತರ: ಭಯ ಹುಟ್ಟಿಸುವ, ಜನರನ್ನು ಕೆರಳಿಸುವ ಸುಳ್ಳು ಮಾಹಿತಿ ಹರಡುವುದು ನ್ಯಾಯ ಸಂಹಿತೆಯ 353ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯುಳ್ಳ ಅಪರಾಧ. ನಿಜವೆಂದು ನಂಬಲು ಸಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ, ಸದ್ಭಾವದಿಂದ ಕಳಿಸಿದವರಿಗೆ ಅದೇ ಕಲಂ ವಿನಾಯಿತಿ ಕೊಡುತ್ತದೆ. ಆದರೆ ಸುಳ್ಳೆಂದು ತಿಳಿದ ಮೇಲೆ ನೀವು ಏನು ಮಾಡಿದಿರಿ ಎಂಬುದರಿಂದಲೇ ನಿಮ್ಮ ಸದ್ಭಾವವನ್ನು ಅಳೆಯುತ್ತಾರೆ. ನೀವು ಕಳಿಸಿದ್ದರ ಸ್ಕ್ರೀನ್‌ಶಾಟನ್ನೂ ಬಂದ ವಿಡಿಯೊವನ್ನೂ ನಿಮ್ಮಲ್ಲಿ ಉಳಿಸಿಕೊಂಡು, ಗುಂಪುಗಳಿಂದ ಅದನ್ನು ಎಲ್ಲರಿಗೂ ಅಳಿಯುವಂತೆ ತೆಗೆದುಹಾಕಿ. ಮೇಲಿನ ಉತ್ತರದಲ್ಲಿ ಅಳಿಸಬೇಡಿ ಎಂದವನು ಇಲ್ಲಿ ಅಳಿಸಿ ಎನ್ನುತ್ತಿದ್ದಾನಲ್ಲ ಎನ್ನಬೇಡಿ: ಅವರದು ತಾವೇ ಕಂಡದ್ದು, ನಿಮ್ಮದು ಯಾರೋ ಕಳಿಸಿದ್ದು, ಮೇಲಾಗಿ ನಿಮ್ಮಲ್ಲಿ ಪ್ರತಿ ಉಳಿದೇ ಇರುತ್ತದೆ. ಪೊಲೀಸರು ಈಗಾಗಲೇ ಈ ಬಗ್ಗೆ ಕೇಳಿದ್ದರೆ ಯಾವುದನ್ನೂ ಮುಟ್ಟದೆ ಮೊದಲು ವಕೀಲರಿಗೆ ತೋರಿಸಿ. ‘ನಾನು ನಿನ್ನೆ ಕಳಿಸಿದ ವಿಡಿಯೊ ನಮ್ಮೂರಿನದಲ್ಲ, ಹಳೆಯದು’ ಎಂದು ಎರಡೂ ಗುಂಪುಗಳಲ್ಲಿ ನಿಮ್ಮ ಹೆಸರಿನಲ್ಲಿಯೇ ಬರೆಯಿರಿ, ಬರೆದದ್ದರ ಸ್ಕ್ರೀನ್‌ಶಾಟನ್ನೂ ಇಟ್ಟುಕೊಳ್ಳಿ.