ಕೌನ್ಸೆಲರ್ ಆದವರಿಗೆ ಕೋಚಿಂಗ್ ಸರ್ಟಿಫಿಕೇಟ್‌ನಲ್ಲಿ ರಿಯಾಯಿತಿ ಇದೆಯೇ?

ನೀವು ಕಾಸರಗೋಡಿನವರು, ಕೌನ್ಸೆಲಿಂಗ್‌ನಲ್ಲಿ ಎಂಎಸ್ಸಿ ಆಗಿದೆ, ಶಾಲೆಯ ಅನುಭವವೂ ಇದೆ, ಇದೆಲ್ಲ ಲೆಕ್ಕಕ್ಕೆ ಬರುತ್ತಾ ಅಂತ ತಾನೇ ಕೇಳಿದ್ದು? ನಾನೂ ಹಾಗೇ ಅಂದುಕೊಂಡು ಹೊರಟವಳು. ಕೋಚಿಂಗ್ ಅಂದರೆ ಇಲ್ಲಿ ಟ್ಯೂಷನ್ ಅಲ್ಲ, ಒಬ್ಬರು ತಮ್ಮ ಗುರಿಗಾಗಿ ಮುಂದೆ ಏನು ಮಾಡಬೇಕು ಅಂತ ತಾವೇ ಕಂಡುಕೊಳ್ಳಲು ಮಾತಿನಲ್ಲಿ ನೆರವಾಗುವುದು.

ಕೋಚ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಐಸಿಎಫ್‌ನವರ (ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್) ಮೊದಲ ಹಂತ ಎಸಿಸಿ (ಅಸೋಸಿಯೇಟ್ ಸರ್ಟಿಫೈಡ್ ಕೋಚ್). ಅದಕ್ಕೆ 60 ಗಂಟೆ ಕೋಚಿಂಗ್ ತರಬೇತಿ, 10 ಗಂಟೆ ಮೆಂಟರ್ (ನಮ್ಮ ಕೋಚಿಂಗ್ ನೋಡಿ ತಿದ್ದುವ ಅನುಭವಿ ಕೋಚ್) ಜೊತೆ ಅಭ್ಯಾಸ, 100 ಗಂಟೆ ಕೋಚಿಂಗ್ ಅನುಭವ ಬೇಕು, ಆಮೇಲೆ ಪರೀಕ್ಷೆ. ನೂರು ಗಂಟೆ ನೋಡಿ ನಕ್ಕುಬಿಟ್ಟೆ. ಕುಂಬಳೆಯ ಶಾಲೆಯಲ್ಲಿ ಮಕ್ಕಳ ಜೊತೆ ಕೂತದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಆ ಗಂಟೆಗಳ ರಿಜಿಸ್ಟರ್ ಹಿಡಿದುಕೊಂಡು ಸುಮ್ನೆ ಕೂತೆ, ಕೋಚಿಂಗ್‌ಗೆ ಅಂತ ಒಬ್ಬ ಕ್ಲೈಂಟ್‌ನನ್ನೂ ಹುಡುಕಲಿಲ್ಲ. ಕೋರ್ಸ್ ಮುಗಿಯುವ ಹೊತ್ತಿಗೆ ತಿಳಿಯಿತು: ಕೌನ್ಸೆಲಿಂಗ್ ಗಂಟೆ ಕೋಚಿಂಗ್ ಗಂಟೆ ಅಲ್ಲ. ತರಬೇತಿ ಶುರುವಾದ ಮೇಲೆ ಮಾಡಿದ ಕೋಚಿಂಗ್ ಮಾತ್ರ ಲೆಕ್ಕ. ಅದರಲ್ಲೂ 75 ಗಂಟೆ ದುಡ್ಡು ತೆಗೆದುಕೊಂಡು ಮಾಡಿರಬೇಕು. ಎಷ್ಟು ದುಡ್ಡು ಅಂತ ಅವರು ಕೇಳುವುದಿಲ್ಲ, ಸಣ್ಣ ಮೊತ್ತವಾದರೂ ನಡೆಯುತ್ತದೆ. ಆದರೆ ನಮ್ಮೂರಲ್ಲಿ ಗುರುತಿನವರ ಹತ್ತಿರ ದುಡ್ಡು ಕೇಳುವುದು ಹೇಗೆ, ನೀವೇ ಹೇಳಿ! ಮತ್ತೆ ಸೊನ್ನೆಯಿಂದ ಶುರು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮೆಂಟರ್ ನನ್ನ ಒಂದು ಕೋಚಿಂಗ್ ಮಾತುಕತೆಯ ರೆಕಾರ್ಡಿಂಗ್ ಕೇಳಿದಾಗ. ಗಲ್ಫ್‌ನಿಂದ ವಾಪಸ್ ಬಂದವರೊಬ್ಬರು ಉಪ್ಪಳದಲ್ಲಿ ಅಂಗಡಿ ಹಾಕಬೇಕು ಅಂತಿದ್ದರು. ನಾನು "ಈ ಹೆದರಿಕೆ ಯಾವಾಗಿನಿಂದ? ಅಪ್ಪ ಏನನ್ನುತ್ತಿದ್ದರು?" ಅಂತ ಹಿಂದಕ್ಕೇ ಎಳೆಯುತ್ತಿದ್ದೆ. ಮುಂದೆ ಏನು ಮಾಡುತ್ತಾರೆ ಅಂತ ಒಮ್ಮೆಯೂ ಕೇಳಿರಲಿಲ್ಲ. ನಮಗೆ ರಿಯಾಯಿತಿ ಕೊಡದಿರುವುದೇ ಸರಿ ಅಂತ ಆಗ ಅನ್ನಿಸಿತು.

ಓದಿಗೆ ಬೆಲೆ ಕೊಡುವ ಸರ್ಟಿಫಿಕೇಟ್ ಇಲ್ಲ ಅಂತಲ್ಲ. ಅಮೆರಿಕದ ಸಿಸಿಇ (ಸೆಂಟರ್ ಫಾರ್ ಕ್ರೆಡೆನ್ಷಿಯಲಿಂಗ್ ಆ್ಯಂಡ್ ಎಜುಕೇಷನ್) ಸಂಸ್ಥೆಯ ಬಿಸಿಸಿ (ಬೋರ್ಡ್ ಸರ್ಟಿಫೈಡ್ ಕೋಚ್) ಸರ್ಟಿಫಿಕೇಟ್‌ನಲ್ಲಿ ಲೈಸೆನ್ಸ್ ಇರುವ ಕೌನ್ಸೆಲರ್‌ಗಳಿಗೆ ತರಬೇತಿಯ ಗಂಟೆ ಬರೀ ಡಿಗ್ರಿ ಇದ್ದವರಿಗಿಂತ ತುಂಬಾ ಕಡಿಮೆ. ನಮ್ಮ ಎಂಎಸ್ಸಿ ಅಲ್ಲಿ ಯಾವ ಸಾಲಿಗೆ ಸೇರುತ್ತದೆ ಅಂತ ದುಡ್ಡು ಕಟ್ಟುವ ಮೊದಲೇ ಮೇಲ್ ಮಾಡಿ ಕೇಳಿ.

ಆದರೆ ನಿಮಗೆ ಸರ್ಟಿಫಿಕೇಟ್ ಯಾಕೆ? ಕೋಚ್ ಅಂತ ಬೋರ್ಡ್ ಹಾಕಲು ಇಲ್ಲಿ ಯಾವ ಕಾನೂನೂ ಅದನ್ನು ಕೇಳುವುದಿಲ್ಲ. ಬೆಂಗಳೂರಿನ ಕಂಪನಿ ಕೆಲಸ ಬೇಕಿದ್ದರೆ ಎಸಿಸಿ ಮಾಡಿ. ಬದಿಯಡ್ಕದಲ್ಲಿ ಪ್ಲಸ್ ಟೂ ಮಕ್ಕಳ ಅಪ್ಪ ಅಮ್ಮ ನನ್ನ ಹತ್ತಿರ ಕೇಳುವುದು ಒಂದೇ: "ಮೇಡಂ, ನೀವು ಕನ್ನಡದಲ್ಲೇ ಮಾತಾಡ್ತೀರಲ್ಲ?" ಇನ್ನೊಂದು, ಕೌನ್ಸೆಲಿಂಗ್‌ಗೆ ಬರುತ್ತಿರುವವರನ್ನು ಗಂಟೆ ತುಂಬಿಸಲು ಕೋಚಿಂಗ್ ಕ್ಲೈಂಟ್ ಮಾಡಿಕೊಳ್ಳಬೇಡಿ.