ಬ್ಲೂ, ರೆಡ್ ಆಮೇಲೆ. ಮೊದಲು ಕೀ ಎಣಿಸಿ

ಪ್ರಶ್ನೆ: ಬಜೆಟ್ ಮೂರು ಸಾವಿರ ರೂಪಾಯಿ. ಹಗಲೆಲ್ಲ ಅನುವಾದದ ಕೆಲಸ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಟೈಪ್ ಮಾಡಬೇಕು. ರಾತ್ರಿ ಕೌಂಟರ್ ಸ್ಟ್ರೈಕ್, ವ್ಯಾಲೊರಂಟ್ ಆಡುತ್ತೇನೆ. 61 ಕೀಗಳ ಚಿಕ್ಕ ಮೆಕ್ಯಾನಿಕಲ್ ಕೀಬೋರ್ಡ್ ಒಂದು ಇಷ್ಟವಾಗಿದೆ. ಬ್ಲೂ ಸ್ವಿಚ್ ತಗೊಳ್ಳಲಾ, ರೆಡ್ ತಗೊಳ್ಳಲಾ ಸರ್? – ಓದುಗರು, ದಾವಣಗೆರೆ

ಕೀಬೋರ್ಡ್ ಎಂದರೆ ಪ್ರತಿ ಕೀಯ ಕೆಳಗಿರುವ ಸ್ವಿಚ್ಚಿನ ಬಣ್ಣ ಬಿಟ್ಟು ಬೇರೇನೂ ಇಲ್ಲ ಎಂಬಂತೆ ಎಲ್ಲರೂ ಬರೆಯುತ್ತೀರಿ. ಬಣ್ಣಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಅಪಾಯ ಕಂಡದ್ದು 61 ಎಂಬ ಅಂಕಿಯಲ್ಲಿ. ಕನ್ನಡವನ್ನು ಯಾವ ವಿನ್ಯಾಸದಲ್ಲಿ, ಅಂದರೆ ಯಾವ ಕೀಗೆ ಯಾವ ಅಕ್ಷರ ಎಂಬ ಯಾವ ಹಂಚಿಕೆಯಲ್ಲಿ, ಟೈಪ್ ಮಾಡುತ್ತೀರಿ ಎಂದು ನೀವು ಬರೆದಿಲ್ಲ. ಯಾರೂ ಬರೆಯುವುದಿಲ್ಲ.

ಇನ್‌ಸ್ಕ್ರಿಪ್ಟ್ ಆಗಿದ್ದರೆ ಕೇಳಿ. ಅದರಲ್ಲಿ ಹ್ರಸ್ವ ‘ೊ’ ಇರುವುದು 1ರ ಎಡಕ್ಕೆ, ಎಸ್ಕೇಪಿನ ಕೆಳಗಿರುವ ಕೀಯಲ್ಲಿ. ಅದೇ ಕೀಯನ್ನು ಶಿಫ್ಟ್ ಜೊತೆ ಒತ್ತಿದರೆ ‘ಒ’. 61 ಕೀಗಳ ಬೋರ್ಡಿನಲ್ಲಿ ಆ ಕೀಯೇ ಇಲ್ಲ. ಆ ಜಾಗಕ್ಕೆ ಎಸ್ಕೇಪ್ ಬಂದು ಕೂತಿರುತ್ತದೆ. ಅಂದರೆ ಕೊಡು, ಹೊಸ, ಮೊದಲು, ಗೊತ್ತು ಎಂದು ಬರೆಯುವಾಗಲೆಲ್ಲ ಎಫ್‌ಎನ್ (Fn) ಕೀ ಹಿಡಿದು ಎಸ್ಕೇಪ್ ಒತ್ತಬೇಕು. ‘ಒಂದು’ ಎಂದು ಬರೆಯಲು ಎಫ್‌ಎನ್, ಶಿಫ್ಟ್, ಎಸ್ಕೇಪ್ ಮೂರೂ ಬೇಕು. ಬೆರಳು ತಪ್ಪಿ ಕಂಟ್ರೋಲ್ ಮೇಲೆ ಬಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಕೆಲವು ಅಗ್ಗದ ಬೋರ್ಡ್‌ಗಳು ಈ ಮೂರನ್ನೂ ಒಟ್ಟಿಗೆ ಒಪ್ಪುವುದೇ ಇಲ್ಲ. ನಿಮ್ಮ ಕೌಂಟರ್ ಸ್ಟ್ರೈಕಿನಲ್ಲಿ ಆಜ್ಞೆ ಟೈಪ್ ಮಾಡುವ ಕನ್ಸೋಲ್ ತೆರೆಯುವುದೂ ಅದೇ ಕೀಯಿಂದ.

ನುಡಿ, ಅಂದರೆ ಕೆ.ಪಿ. ರಾವ್ ವಿನ್ಯಾಸವಾಗಿದ್ದರೆ ತೊಂದರೆ ಬೇರೆ ಕಡೆ. ಅಲ್ಲಿ ದೀರ್ಘ ಸ್ವರ, ಮಹಾಪ್ರಾಣ, ಣ, ಳ ಎಲ್ಲಕ್ಕೂ ಶಿಫ್ಟ್ ಬೇಕು. ಇಂಗ್ಲಿಷಿನಲ್ಲಿ ವಾಕ್ಯಕ್ಕೊಮ್ಮೆ ಒತ್ತುವ ಶಿಫ್ಟನ್ನು ಇಲ್ಲಿ ಪದಪದಕ್ಕೂ ಒತ್ತುತ್ತೀರಿ. ಬಾಣದ ಕೀಗಳನ್ನು ತುರುಕಿದ 64 ಕೀಗಳ ಬೋರ್ಡ್‌ಗಳಲ್ಲಿ ಬಲಗಡೆಯ ಶಿಫ್ಟ್ ಒಂದು ಅಕ್ಷರದ ಕೀಯಷ್ಟಕ್ಕೆ ಕುಗ್ಗಿರುತ್ತದೆ. ಹತ್ತೂ ಬೆರಳು ಬಳಸಿ ಟೈಪ್ ಮಾಡುವವರ ಕಿರುಬೆರಳು ಶಿಫ್ಟ್ ಬದಲು ಮೇಲಿನ ಬಾಣವನ್ನು ಒತ್ತಿ, ಕರ್ಸರ್ ಹಿಂದಿನ ಸಾಲಿಗೆ ಹಾರುತ್ತದೆ. 68 ಕೀಗಳದ್ದರಲ್ಲಿ ಬಲ ಶಿಫ್ಟ್ ಪರವಾಗಿಲ್ಲ, ಆದರೆ 1ರ ಎಡಗಡೆಯ ಕೀ ಅಲ್ಲೂ ಸಾಮಾನ್ಯವಾಗಿ ಎಸ್ಕೇಪಿನ ಪಾಲು.

ಆದ್ದರಿಂದ ಕನ್ನಡ ಟೈಪ್ ಮಾಡುವವರು 82–84 ಕೀಗಳ ‘75 ಪರ್ಸೆಂಟ್’ ಅಥವಾ 87 ಕೀಗಳ ‘ಟಿಕೆಎಲ್’ ಕೊಳ್ಳಿ. ಅದಕ್ಕಿಂತ ಚಿಕ್ಕದು ಬೇಡ. ಆಟಕ್ಕೂ ಇದೇ ಅಳತೆ ಸರಿ: ನಂಬರ್ ಪ್ಯಾಡ್ ಇಲ್ಲದ್ದರಿಂದ ಮೌಸ್ ಆಡಲು ಜಾಗ ಸಿಗುತ್ತದೆ. ಟ್ಯಾಲಿ ಮಾಡುವವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಪೇಮೆಂಟಿಗೆ ಎಫ್5, ರಸೀದಿಗೆ ಎಫ್6, ಸೇಲ್ಸಿಗೆ ಎಫ್8 ಎಂದು ದಿನವಿಡೀ ಒತ್ತುತ್ತ ಅಂಕಿ ತುಂಬುವವರು ನಂಬರ್ ಪ್ಯಾಡ್ ಇರುವ 104 ಕೀಗಳದ್ದನ್ನೇ ತೆಗೆದುಕೊಳ್ಳಬೇಕು.

ಎರಡನೆಯದಾಗಿ ನೋಡಬೇಕಾದದ್ದು ಹಾಟ್‌ಸ್ವಾಪ್. ಸ್ವಿಚ್ಚನ್ನು ಬೆಸುಗೆ ಹಾಕಿರುವುದಿಲ್ಲ, ಸಾಕೆಟ್ಟಿಗೆ ಸಿಕ್ಕಿಸಿರುತ್ತಾರೆ. ಒಂದು ಸ್ವಿಚ್ ಕೆಟ್ಟರೆ ಕಿತ್ತು ಬೇರೆ ಹಾಕಬಹುದು. ಕನ್ನಡದ ಮಟ್ಟಿಗೆ ಇದು ಶೋಕಿಯಲ್ಲ: ಒತ್ತಕ್ಷರ ಕೊಡುವ ಕೀ, ಅಂದರೆ ನುಡಿಯಲ್ಲಿ ‘ಎಫ್’, ಇನ್‌ಸ್ಕ್ರಿಪ್ಟಿನಲ್ಲಿ ‘ಡಿ’, ಬೇರೆ ಎಷ್ಟೋ ಕೀಗಳಿಗಿಂತ ಹೆಚ್ಚು ಪೆಟ್ಟು ತಿನ್ನುತ್ತದೆ. ಬೆಸುಗೆಯ ಬೋರ್ಡಿನಲ್ಲಿ ಅದೊಂದು ಕೆಟ್ಟರೂ ರಿಪೇರಿಗೆ ಓಡಬೇಕು. ಕೊಳ್ಳುವ ಮುನ್ನ ಎರಡು ವಿಷಯ ಕೇಳಿ. ಸಾಕೆಟ್ 3 ಪಿನ್ನಿನದೋ 5 ಪಿನ್ನಿನದೋ? 5 ಪಿನ್ ಸ್ವಿಚ್ಚನ್ನು 3 ಪಿನ್ ಬೋರ್ಡಿಗೆ ಹಾಕಬೇಕಾದರೆ ಅದರ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಬುಡಕ್ಕೆ ಸರಿಯಾಗಿ ನೇಲ್ ಕಟರಿನಿಂದ ಕತ್ತರಿಸಿದರೆ ಸಾಕು, ಲೋಹದ ಪಿನ್ ಮುಟ್ಟಬೇಡಿ. ಇನ್ನೊಂದು, ಸಾಕೆಟ್ ಯಾರದು? ಕೆಲವು ಅಗ್ಗದ ಬೋರ್ಡ್‌ಗಳಲ್ಲಿರುವ ಔಟೆಮು ಕಂಪನಿಯ ಸಾಕೆಟ್ಟಿನ ರಂಧ್ರ ಕಿರಿದು. ಔಟೆಮು ಸ್ವಿಚ್ಚಿನ ಸಣ್ಣ ಪಿನ್ ಹೋಗುತ್ತದೆ, ಗೇಟರಾನ್ ಅಥವಾ ಚೆರ್ರಿಯದು ಹೋಗುವುದಿಲ್ಲ. ಬಲವಂತ ಮಾಡಿದರೆ ಸಾಕೆಟ್ಟೇ ಕಿತ್ತುಬರುತ್ತದೆ.

ಈಗ ಬಣ್ಣ. ಈ ಬಣ್ಣಗಳ ರೂಢಿ ಚೆರ್ರಿ ಕಂಪನಿಯದು. ಅದರ ಪೇಟೆಂಟ್ ಮುಗಿದ ಮೇಲೆ ಗೇಟರಾನ್, ಕೈಲ್, ಔಟೆಮು ಎಲ್ಲರೂ ಅದೇ ಬಣ್ಣಗಳನ್ನು ಹಿಡಿದರು. ಆದರೆ ಬಣ್ಣಕ್ಕೆ ಐಎಸ್‌ಐ ಮಾರ್ಕ್ ಏನೂ ಇಲ್ಲ; ಒಬ್ಬರ ರೆಡ್ ಇನ್ನೊಬ್ಬರ ರೆಡ್ಡಿಗಿಂತ ಗಟ್ಟಿ ಇರಬಹುದು. ಗ್ರಾಂ ನೋಡಿ. ಚೆರ್ರಿಯ ರೆಡ್ ಸುಮಾರು 45 ಗ್ರಾಂ ಭಾರಕ್ಕೆ 2 ಮಿ.ಮೀ. ಇಳಿದಾಗ ಅಕ್ಷರ ಕಳಿಸುತ್ತದೆ, ಒಟ್ಟು 4 ಮಿ.ಮೀ. ಇಳಿಯುತ್ತದೆ, ನಡುವೆ ಎಲ್ಲೂ ತಡೆಯಿಲ್ಲ. ಬ್ರೌನ್‌ನಲ್ಲಿ ನಡುವೆ ಸಣ್ಣ ಉಬ್ಬೊಂದು ಬೆರಳಿಗೆ ತಾಗುತ್ತದೆ. ಬ್ಲೂನಲ್ಲಿ ಉಬ್ಬಿನ ಜೊತೆಗೆ ಟಿಕ್ ಎಂಬ ಸದ್ದು.

ಬ್ಲೂ ಬೇಡ. ರಾತ್ರಿ ಆಡುತ್ತೇನೆ ಎಂದಿದ್ದೀರಿ. ಮನೆಯಲ್ಲಿ ಬೇರೆಯವರೂ ಮಲಗಬೇಕು, ಮೈಕಿನಲ್ಲಿ ನಿಮ್ಮ ತಂಡಕ್ಕೆ ನಿಮ್ಮ ಮಾತಿಗಿಂತ ಕೀ ಸದ್ದೇ ಹೆಚ್ಚು ಕೇಳುತ್ತದೆ. ಸದ್ದಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಬ್ಲೂ ಸ್ವಿಚ್ ಅಕ್ಷರ ಕಳಿಸುವ ಬಿಂದುವಿಗಿಂತ ಅದು ಮತ್ತೆ ಸಜ್ಜಾಗುವ ಬಿಂದು ಮೇಲಿದೆ. ಒತ್ತಿದ ಕೀಯನ್ನು ಸಾಕಷ್ಟು ಮೇಲಕ್ಕೆ ಬಿಡದೆ ಇನ್ನೊಮ್ಮೆ ಒತ್ತಿದರೆ ಎರಡನೆಯ ಒತ್ತು ಲೆಕ್ಕಕ್ಕೇ ಬರುವುದಿಲ್ಲ. ಎ–ಡಿ ನಡುವೆ ಪಟಪಟ ಬದಲಾಯಿಸುವ ಆಟದಲ್ಲಿ ಇದು ನೇರ ನಷ್ಟ. ‘ಟೈಪಿಂಗಿಗೆ ಬ್ಲೂ, ಗೇಮಿಗೆ ರೆಡ್’ ಎಂದು ವಿಡಿಯೋಗಳಲ್ಲಿ ಮಂತ್ರ ಹೇಳಿದಂತೆ ಹೇಳುತ್ತಾರೆ. ಸದ್ದಿನಿಂದ ಟೈಪಿಂಗ್ ವೇಗವಾಗುವುದಿಲ್ಲ, ವೇಗವಾದಂತೆ ಅನಿಸುತ್ತದೆ ಅಷ್ಟೇ.

ನಿಮಗೆ 45ರಿಂದ 50 ಗ್ರಾಂನ, ಕಾರ್ಖಾನೆಯಲ್ಲೇ ಗ್ರೀಸ್ ಹಚ್ಚಿ ಬಂದ ಲೀನಿಯರ್, ಅಂದರೆ ರೆಡ್ಡಿನಂತೆ ನಡುವೆ ತಡೆಯಿಲ್ಲದ, ಸ್ವಿಚ್ ಸಾಕು. ಬೆರಳನ್ನು ಕೀ ಮೇಲೆ ಭಾರ ಬಿಟ್ಟು ಇಡುವ ಅಭ್ಯಾಸ ಇದ್ದವರಿಗೆ ಇದರಲ್ಲಿ ಬೇಡದ ಅಕ್ಷರಗಳು ಬೀಳುತ್ತವೆ. ಎರಡು ವಾರವಾದರೂ ನಿಲ್ಲದಿದ್ದರೆ ಬ್ರೌನ್‌ನಂತೆ ಉಬ್ಬಿರುವ ಟ್ಯಾಕ್ಟೈಲ್ ಸ್ವಿಚ್ ತರಿಸಿ ಅಕ್ಷರಗಳ ಮೂರು ಸಾಲಿಗೆ ಮಾತ್ರ ಹಾಕಿ. ಹಾಟ್‌ಸ್ವಾಪ್ ಇದ್ದರೆ ಬ್ಲೂ–ರೆಡ್ ಜಗಳ ಇಷ್ಟಕ್ಕೇ ಮುಗಿಯುತ್ತದೆ.

ಎಲ್ಲರೂ ಮರೆಯುವ ಇನ್ನೊಂದು ಭಾಗ ಸ್ಟೆಬಿಲೈಜರ್. ಸ್ಪೇಸ್‌ಬಾರ್, ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್ ಕೆಳಗೆ ಉದ್ದನೆಯ ತಂತಿಯೊಂದಿರುತ್ತದೆ. ಕೀಯ ಯಾವ ತುದಿ ಒತ್ತಿದರೂ ಸಮನಾಗಿ ಇಳಿಯಲಿ ಎಂದು. ಅಗ್ಗದ ಬೋರ್ಡಿನ ಬಡತನ ಗೊತ್ತಾಗುವುದು ಇಲ್ಲೇ. ಸ್ಪೇಸ್‌ಬಾರಿನ ಎರಡೂ ತುದಿ ಕುಟ್ಟಿ ನೋಡಿ. ಗಲಗಲ ಎಂದರೆ ತಂತಿ ಒಣಗಿದೆ. ಕೀಕ್ಯಾಪ್ ತೆಗೆದು, ತಂತಿಯ ತುದಿ ಪ್ಲಾಸ್ಟಿಕ್ಕಿನೊಳಗೆ ಸೇರುವ ಎರಡು ಕಡೆ ಸಾಸಿವೆ ಕಾಳಿನಷ್ಟು ಡೈಎಲೆಕ್ಟ್ರಿಕ್ ಗ್ರೀಸನ್ನು ಸಣ್ಣ ಕುಂಚದಿಂದ ಹಚ್ಚಿ, ಹತ್ತಿಪ್ಪತ್ತು ಸಲ ಒತ್ತಿ. ಹೆಚ್ಚಾದರೆ ಕೀ ನಿಧಾನಕ್ಕೆ ಮೇಲೇಳುತ್ತದೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ವ್ಯಾಸಲೀನ್ ಮೂರೂ ಬೇಡ. ದಾವಣಗೆರೆಯ ಸೆಕೆಗೆ ಹರಿದು ಸ್ವಿಚ್ಚಿನೊಳಕ್ಕೆ ಇಳಿಯುತ್ತವೆ, ದೂಳು ಹಿಡಿಯುತ್ತವೆ.

ಕೀಕ್ಯಾಪ್ ಪಿಬಿಟಿ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು. ಎಬಿಎಸ್ ಪ್ಲಾಸ್ಟಿಕ್ ಬೇಗ ಎಣ್ಣೆ ಮೆತ್ತಿದಂತೆ ಹೊಳೆಯುತ್ತದೆ. ಯಾವುದೇ ಆಗಲಿ, ‘ಡಬಲ್‌ಶಾಟ್’ ಇರಲಿ. ಅದರಲ್ಲಿ ಅಕ್ಷರವೇ ಬೇರೆ ಪ್ಲಾಸ್ಟಿಕ್, ಸವೆದು ಅಳಿಸಿಹೋಗುವ ಮಾತಿಲ್ಲ. ಮೂರು ಸಾವಿರದಲ್ಲಿ 75 ಪರ್ಸೆಂಟ್ ಅಳತೆ, ಹಾಟ್‌ಸ್ವಾಪ್, ಡಬಲ್‌ಶಾಟ್, ತಂತಿಯ ಸಂಪರ್ಕ ನಾಲ್ಕೂ ಸಿಗುತ್ತವೆ. ಅದೇ ಹಣಕ್ಕೆ ವೈರ್‌ಲೆಸ್ಸು, ಗಿರಗಿರ ತಿರುಗುವ ಗುಂಡಿ, ಪುಟ್ಟ ಪರದೆ, ಏಳು ಬಣ್ಣದ ದೀಪವೂ ಬೇಕೆಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ. ಕಡಿತ ಬೀಳುವುದು ಸ್ವಿಚ್ಚಿಗೆ, ಸ್ಟೆಬಿಲೈಜರಿಗೆ. ವೈರ್‌ಲೆಸ್ ಬೇಕೇಬೇಕು ಎನ್ನುವವರು 2.4 ಗಿಗಾಹರ್ಟ್ಸ್ ಡಾಂಗಲ್ ಇರುವುದನ್ನೇ ನೋಡಿ. ಬ್ಲೂಟೂತ್ ಟೈಪಿಂಗಿಗೆ ಸರಿ, ಆಟಕ್ಕೆ ತಡ.

ಬಾಕ್ಸ್ ಬಂದ ದಿನವೇ, ರಿಟರ್ನ್ ಅವಧಿ ಮುಗಿಯುವ ಮುಂಚೆ, ಕೀ ಟೆಸ್ಟರ್ ಪುಟವೊಂದರಲ್ಲಿ ಪ್ರತಿ ಕೀ ಒತ್ತಿ ನೋಡಿ. ಶಿಫ್ಟ್, ಡಬ್ಲ್ಯು, ಎ, ಸ್ಪೇಸ್, ಆರ್ ಐದನ್ನೂ ಒಟ್ಟಿಗೆ ಹಿಡಿಯಿರಿ, ಐದೂ ಕಾಣಬೇಕು. ಯಾವುದೋ ಕೀ ಸತ್ತಿದೆ ಅನಿಸಿದರೆ ವಾಪಸ್ ಕಳಿಸುವ ಮೊದಲು ಆ ಸ್ವಿಚ್ ಕಿತ್ತು ನೋಡಿ. ಬಹಳ ಸಲ ಪಿನ್ ಮಡಚಿಕೊಂಡಿರುತ್ತದೆ. ಚಿಮಟದಿಂದ ನೇರ ಮಾಡಿ ಲಂಬವಾಗಿ ಒತ್ತಿ ಕೂರಿಸಿ.

ಪ್ರಶ್ನೆ: 900 ರೂಪಾಯಿಗೆ ‘ಸೆಮಿ ಮೆಕ್ಯಾನಿಕಲ್’ ಸಿಗುತ್ತಿದೆ. ತಗೊಳ್ಳಬಹುದಾ? – ಹಾಸನ

ಸೆಮಿ ಮೆಕ್ಯಾನಿಕಲ್ ಎಂಬ ವಸ್ತು ಇಲ್ಲ. ಅದು ರಬ್ಬರ್ ಮೆಂಬ್ರೇನ್ ಕೀಬೋರ್ಡ್. ‘ಮೆಕ್ಯಾನಿಕಲ್ ಫೀಲ್’ ಎಂದು ಬರೆದದ್ದೂ ಅದೇ. ಕೀಕ್ಯಾಪ್ ಕಿತ್ತಾಗ ಪ್ಲಸ್ ಆಕಾರದ ಕಡ್ಡಿ ಕಂಡರೆ ಅಸಲಿ ಎನ್ನುತ್ತಾರೆ ಅಂಗಡಿಯವರು. ಪ್ಲಸ್ ಕಡ್ಡಿಯ ಮೆಂಬ್ರೇನ್‌ಗಳೂ ಮಾರುಕಟ್ಟೆಯಲ್ಲಿವೆ. ಪ್ರತಿ ಕೀಗೂ ಅದರದ್ದೇ ಪ್ರತ್ಯೇಕ ಡಬ್ಬಿ, ಡಬ್ಬಿಯ ಮೇಲೆ ಸ್ವಿಚ್ ತಯಾರಕರ ಹೆಸರು ಇದೆಯೇ ನೋಡಿ. ಬೆಂಗಳೂರಿಗೆ ಬರುವುದಿದ್ದರೆ ಎಸ್.ಪಿ. ರೋಡಿನಲ್ಲಿ ಕೈಯಾರೆ ಒತ್ತಿ, ಕಿತ್ತು ನೋಡಿ ಕೊಳ್ಳಿ.

ಪ್ರಶ್ನೆ: ಒಂದು ಸಲ ಒತ್ತಿದರೆ ಎರಡು ‘ಎ’ ಬೀಳುತ್ತಿದೆ. ಡಬ್ಲ್ಯುಡಿ-40 ಹೊಡೆದೆ, ಎರಡು ದಿನ ಸರಿಯಿತ್ತು, ಈಗ ಇನ್ನೂ ಕೆಟ್ಟಿದೆ. – ಶಿವಮೊಗ್ಗ

ಕೆಡದೆ ಇನ್ನೇನು? ಸಾಮಾನ್ಯ ಡಬ್ಲ್ಯುಡಿ-40 ಒಣಗಿದ ಮೇಲೆ ಎಣ್ಣೆಯ ಪದರ ಬಿಡುತ್ತದೆ, ಆ ಪದರಕ್ಕೆ ದೂಳು ಅಂಟುತ್ತದೆ. ಅದೇ ಹೆಸರಿನ ಕಾಂಟ್ಯಾಕ್ಟ್ ಕ್ಲೀನರ್ ಬೇರೆ ಡಬ್ಬಿ, ಅದನ್ನೂ ಇದನ್ನೂ ಕಲೆಸಬೇಡಿ.

ಹಾಟ್‌ಸ್ವಾಪ್ ಆಗಿದ್ದರೆ ಆ ಸ್ವಿಚ್ಚನ್ನು ಯಾರೂ ಮುಟ್ಟದ ಸ್ಕ್ರೋಲ್ ಲಾಕ್ ಅಥವಾ ಪಾಸ್ ಕೀಯ ಸ್ವಿಚ್ ಜೊತೆ ಅದಲುಬದಲು ಮಾಡಿ. ತೊಂದರೆ ಸ್ವಿಚ್ ಜೊತೆ ಹೋದರೆ ಸ್ವಿಚ್ ಕೆಟ್ಟಿದೆ, ಹೊಸದು ಹಾಕಿ. ‘ಎ’ ಜಾಗದಲ್ಲೇ ಉಳಿದರೆ ಸಾಕೆಟ್ಟಿನ ಬೆಸುಗೆ ಸಡಿಲವಾಗಿರಬಹುದು. ಬೆಸುಗೆಯ ಬೋರ್ಡಾದರೆ ಕೇಬಲ್ ತೆಗೆದು, ಕಡ್ಡಿಯನ್ನು ಒತ್ತಿ ಹಿಡಿದು 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಿಟ್ಟು ಐವತ್ತು ಸಲ ಒತ್ತಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ತಂತ್ರಾಂಶದಲ್ಲಿ ‘ಡಿಬೌನ್ಸ್’, ಅಂದರೆ ಇನ್ನೊಂದು ಒತ್ತನ್ನು ಎಣಿಸುವ ಮುನ್ನ ಕಾಯುವ ಸಮಯ, ಬದಲಾಯಿಸಲು ಬರುವಂತಿದ್ದರೆ 5ರಿಂದ 10 ಮಿಲಿಸೆಕೆಂಡಿಗೆ ಏರಿಸಿ. ಇಷ್ಟಕ್ಕೂ ಬಗ್ಗದಿದ್ದರೆ ಬೆಸುಗೆ ಬಿಡಿಸಿ ಸ್ವಿಚ್ ಬದಲಿಸುವುದೊಂದೇ ದಾರಿ.

ಪ್ರಶ್ನೆ: 8000 ಹರ್ಟ್ಸ್ ಪೋಲಿಂಗ್ ಇರುವುದನ್ನೇ ಕೊಳ್ಳಬೇಕಾ? – ಮೈಸೂರು

ಬೇಡ. 1000 ಹರ್ಟ್ಸ್ ಎಂದರೆ ಕೀಬೋರ್ಡಿನಿಂದ ಕಂಪ್ಯೂಟರಿಗೆ ಮಿಲಿಸೆಕೆಂಡಿಗೊಮ್ಮೆ ವರದಿ. 8000ದಿಂದ ಉಳಿಯುವುದು ಹೆಚ್ಚೆಂದರೆ 0.875 ಮಿಲಿಸೆಕೆಂಡ್. ನಿಮ್ಮ 60 ಹರ್ಟ್ಸ್ ಮಾನಿಟರ್ ಹೊಸ ಚಿತ್ರ ತೋರಿಸುವುದೇ 16.7 ಮಿಲಿಸೆಕೆಂಡಿಗೊಮ್ಮೆ. ಆ ಹಣ ಮಾನಿಟರಿಗೆ ಹಾಕಿ.

ಪ್ರಶ್ನೆ: ಮ್ಯಾಗ್ನೆಟಿಕ್ ಸ್ವಿಚ್, ರ್‍ಯಾಪಿಡ್ ಟ್ರಿಗರ್ ಹೇಗೆ? – ಹುಬ್ಬಳ್ಳಿ

ಶೂಟಿಂಗ್ ಆಟಕ್ಕೆ ಉಪಯೋಗ ನಿಜವಾಗಿಯೂ ಇದೆ: ಬೆರಳು ಸ್ವಲ್ಪ ಎತ್ತಿದ ಕೂಡಲೇ ಕೀ ಬಿಟ್ಟಂತೆ ಲೆಕ್ಕವಾಗುತ್ತದೆ. ಆದರೆ ಆ ಬೋರ್ಡಿಗೆ ಸಾಮಾನ್ಯ ಮೆಕ್ಯಾನಿಕಲ್ ಸ್ವಿಚ್ ಹಾಕಿದರೆ ಕೆಲಸ ಮಾಡುವುದಿಲ್ಲ. ಎದುರುಬದುರು ಎರಡು ಕೀಗಳಲ್ಲಿ ಕೊನೆಯದನ್ನೇ ಎಣಿಸುವ ‘ಸ್ನ್ಯಾಪ್ ಟ್ಯಾಪ್’ ರೀತಿಯ ಸೌಲಭ್ಯವನ್ನು ಕೌಂಟರ್ ಸ್ಟ್ರೈಕ್ 2ರ ಅಧಿಕೃತ ಸರ್ವರ್‌ಗಳಲ್ಲಿ ಆಟದ ಕಂಪನಿ ವಾಲ್ವ್ 2024ರ ಆಗಸ್ಟಿನಲ್ಲೇ ನಿಷೇಧಿಸಿದೆ. ಆನ್ ಮಾಡಿಕೊಂಡು ಆಡಿದರೆ ಆಟದಿಂದ ಹೊರಗೆ ಹಾಕುತ್ತಾರೆ.

ಪ್ರಶ್ನೆ: ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿತು. ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ. – ಚಿಕ್ಕಮಗಳೂರು

ತೆಗೆಯಿರಿ. ಅಕ್ಕಿ ಹಾಲು–ಸಕ್ಕರೆಯನ್ನು ಹೀರುವುದಿಲ್ಲ, ಅಕ್ಕಿಹಿಟ್ಟು ಸ್ವಿಚ್ಚಿನೊಳಗೆ ಸೇರುತ್ತದೆ. ಕೇಬಲ್ ಕಿತ್ತು, ವೈರ್‌ಲೆಸ್ ಆದರೆ ಸ್ವಿಚ್ ಆಫ್ ಮಾಡಿ, ಬೋರಲು ಹಾಕಿ. ಕೀಕ್ಯಾಪ್‌ಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ನೆನೆದ ಸ್ವಿಚ್‌ಗಳನ್ನು ಕಿತ್ತು, ಬೋರ್ಡನ್ನು ಐಸೊಪ್ರೊಪೈಲಿನಲ್ಲಿ ಅದ್ದಿದ ಬ್ರಷ್‌ನಿಂದ ಒರೆಸಿ, ಎರಡು ದಿನ ಫ್ಯಾನ್ ಕೆಳಗಿಡಿ. ಹೇರ್ ಡ್ರೈಯರ್ ಬಿಸಿಗೆ ಸಕ್ಕರೆ ಪಾಕವಾಗುತ್ತದೆ, ಹಿಡಿಯಬೇಡಿ.

ಪ್ರಶ್ನೆ: ಮೆಕ್ಯಾನಿಕಲ್ ಕೊಂಡರೆ ಮಣಿಕಟ್ಟಿನ ನೋವು ಹೋಗುತ್ತದಂತೆ ಹೌದಾ? – ಉಡುಪಿ

ಇಲ್ಲ. ಅದು ಎತ್ತರವಾಗಿರುವುದರಿಂದ ಹಿಂದಿನ ಕಾಲುಗಳನ್ನು ಎತ್ತಿಟ್ಟರೆ ಮಣಿಕಟ್ಟು ಇನ್ನಷ್ಟು ಬಾಗುತ್ತದೆ. ಕಾಲು ಮಡಚಿಡಿ, ನೋವಿಗೆ ವೈದ್ಯರನ್ನು ಕಾಣಿ.

ಪ್ರಶ್ನೆ: ಯಾವ ಮೆಕ್ಯಾನಿಕಲ್ ಕೀಬೋರ್ಡ್ ಕನ್ನಡ ‘ಸಪೋರ್ಟ್’ ಮಾಡುತ್ತದೆ? – ಹಲವರು

ಎಲ್ಲವೂ. ಕೀಬೋರ್ಡ್ ಕಳಿಸುವುದು ಕೀಯ ಸಂಖ್ಯೆಯನ್ನು ಮಾತ್ರ. ಅದನ್ನು ಕನ್ನಡ ಮಾಡುವುದು ಕಂಪ್ಯೂಟರ್.

ಪ್ರಶ್ನೆ: ವಿಂಡೋಸ್ ಕೀ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದೆ. ಡಬ್ಲ್ಯು ಒತ್ತಿದರೆ ಬಾಣದ ಕೀ ಒತ್ತಿದಂತಾಗುತ್ತದೆ. ಅಂಗಡಿಯವರು ಬೋರ್ಡೇ ಹೋಗಿದೆ, ಹೊಸದು ಕೊಳ್ಳಿ ಎನ್ನುತ್ತಿದ್ದಾರೆ. – ಕಲಬುರಗಿ

ಏನೂ ಹೋಗಿಲ್ಲ. ಆಡುವಾಗ ಕೈತಾಗಿ ಗೇಮಿಂಗ್ ಲಾಕ್ ಬಿದ್ದಿದೆ. ಎಫ್‌ಎನ್ ಹಿಡಿದು ವಿಂಡೋಸ್ ಕೀ ಒತ್ತಿ, ಆಮೇಲೆ ಎಫ್‌ಎನ್ ಹಿಡಿದು ಡಬ್ಲ್ಯು ಒತ್ತಿ. ಬಹುತೇಕ ಅಗ್ಗದ ಬೋರ್ಡ್‌ಗಳಲ್ಲಿ ಇದೇ ಜೋಡಿ; ಬೇರೆಯಿದ್ದರೆ ಬಾಕ್ಸಿನಲ್ಲಿ ಬಂದ ಚೀಟಿಯಲ್ಲಿರುತ್ತದೆ. ಅಂಗಡಿ ಬದಲಾಯಿಸಿ.