ಫಾರ್ಮ್ ವ್ಯಾಲಿಡೇಶನ್ ಕ್ಲಾಸ್ ಸುಧಾರಿಸೋದು ಹೇಗೆ?

ಪಿಎಚ್‌ಪಿಲಿ (ವೆಬ್‌ಸೈಟ್ ಮಾಡೋಕೆ ಬಳಸೋ ಪ್ರೋಗ್ರಾಮಿಂಗ್ ಭಾಷೆ) ಫಾರ್ಮ್ ಡೇಟಾ ಚೆಕ್ ಮಾಡೋಕೆ ನೀವು ಬರೆದಿರೋ ಕ್ಲಾಸ್ ತಾನೇ ಪೋಸ್ಟ್ ಅರೇ, ಅಂದ್ರೆ ಫಾರ್ಮಿಂದ ಬಂದ ಡೇಟಾ ಪಟ್ಟಿ, ಓದುತ್ತೆ, ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್ ಫಂಕ್ಷನ್ (htmlspecialchars) ಹಾಕಿ ಕ್ಲೀನ್ ಮಾಡುತ್ತೆ, ದೊಡ್ಡ ಸ್ವಿಚ್ ಒಳಗೆ ಚೆಕ್ ಮಾಡಿ ತಪ್ಪಿದ್ರೆ ಅಲ್ಲೇ ಎರರ್ ಎಕೋ ಮಾಡುತ್ತೆ, ಇದನ್ನ ಎಲ್ಲಾ ಫಾರ್ಮಿಗೂ ಬಳಸೋ ಹಾಗೆ ಮಾಡೋದು ಹೇಗೆ ಅಂತ ಕೇಳಿದೀರ. ನನ್ನ ಪ್ರಕಾರ ಇದಕ್ಕೆ ಇನ್ನೇನೂ ಸೇರಿಸೋದು ಬೇಡ, ಇರೋ ಕೆಲಸಗಳನ್ನೇ ಕಡಿಮೆ ಮಾಡಿ. ಬಂದ ಡೇಟಾ ಸರಿನಾ ತಪ್ಪಾ ಅಂತ ಹೇಳಿದ್ರೆ ಸಾಕು ಅದು.

ಮೊದಲು ಆ ಕ್ಲೀನ್ ಮಾಡೋ ಸಾಲು ತೆಗೀರಿ. ಒಬ್ರು ಹೆಸರಲ್ಲಿ ಆಂಪರ್‌ಸ್ಯಾಂಡ್ ಹಾಕಿದ್ರು ಅನ್ಕೊಳಿ, ನಿಮ್ಮ ಕ್ಲಾಸ್ ಆ & ಚಿಹ್ನೆನ ಎಂಟಿಟಿ (& ಅನ್ನೋ ಕೋಡ್) ಮಾಡಿ ಡೇಟಾಬೇಸಿಗೆ ಕಳಿಸುತ್ತೆ, ಪೇಜಲ್ಲಿ ತೋರಿಸುವಾಗ ಮತ್ತೆ ಎಸ್ಕೇಪ್ ಆಗುತ್ತೆ, ಅಂದ್ರೆ ಇನ್ನೊಂದ್ಸಲ ಹಾಗೇ ಕೋಡ್ ಆಗುತ್ತೆ, ಅವ್ರು ಎಡಿಟ್ ಮಾಡಿ ಸೇವ್ ಕೊಟ್ಟ ಪ್ರತಿ ಸಲಾನೂ ಹೆಸರು ಉದ್ದ ಆಗ್ತಾ ಹೋಗುತ್ತೆ. ಎಸ್ಕೇಪ್ ಅನ್ನೋದು ಔಟ್‌ಪುಟ್ ಹೊತ್ತಲ್ಲಿ ಮಾಡೋ ಕೆಲಸ, ಎಸ್‌ಕ್ಯೂಎಲ್ ಇಂಜೆಕ್ಷನ್ (ಇನ್‌ಪುಟ್ ಮೂಲಕ ಡೇಟಾಬೇಸ್ ಆದೇಶನೇ ಬದಲಿಸೋ ದಾಳಿ) ತಡೆಯೋಕೆ ಡೇಟಾನ ಆದೇಶದಿಂದ ಬೇರೆ ಇಡೋ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಇದೆ, ಎರಡೂ ವ್ಯಾಲಿಡೇಟರ್ ಕೆಲಸ ಅಲ್ಲ.

ಆಮೇಲೆ ಕಡ್ಡಾಯ ಫೀಲ್ಡ್ ಖಾಲಿನಾ ಅಂತ ನೋಡೋಕೆ ಎಂಪ್ಟಿ (empty) ಬಳಸಿದೀರಲ್ಲ, ಅಲ್ಲಿ ನಾನೂ ಅರ್ಧ ದಿನ ಕಳ್ಕೊಂಡಿದೀನಿ. ಮಕ್ಕಳು ಎಷ್ಟು ಅನ್ನೋ ಜಾಗದಲ್ಲಿ ಜನ 0 ಅಂತ ಟೈಪ್ ಮಾಡ್ತಿದ್ರು, ಫಾರ್ಮ್ ಮಾತ್ರ ಈ ಜಾಗ ಖಾಲಿ ಬಿಟ್ಟಿದೀರ ಅಂತ ವಾಪಸ್ ಕಳಿಸ್ತಿತ್ತು, ಯಾಕಂದ್ರೆ ಪಿಎಚ್‌ಪಿಗೆ 0 ಅನ್ನೋ ಸ್ಟ್ರಿಂಗ್ ಕೂಡ ಎಂಪ್ಟಿನೇ. ವ್ಯಾಲ್ಯೂ ನಲ್ (null, ಏನೂ ಬಂದೇ ಇಲ್ಲ) ಆಗಿದ್ಯಾ, ಅಥವಾ ಟ್ರಿಮ್ ಮಾಡಿದ್ಮೇಲೆ (ಅಕ್ಕಪಕ್ಕದ ಸ್ಪೇಸ್ ತೆಗೆದ್ಮೇಲೆ) ಖಾಲಿ ಸ್ಟ್ರಿಂಗಾ ಅಂತ ಮಾತ್ರ ನೋಡಿ. ಫಿಲ್ಟರ್ ವಾರ್ (filter_var) ಫಂಕ್ಷನ್ನಿನ ಇಂಟಿಜರ್ ಚೆಕ್ಕಲ್ಲೂ ಇದೇ ಗೋಳು, ತಪ್ಪಿದ್ರೆ ಫಾಲ್ಸ್ ಬರುತ್ತೆ, ಆದ್ರೆ 0 ಕೊಟ್ರೆ 0 ವಾಪಸ್ ಬರುತ್ತೆ, ಎರಡೂ ಒಂದೇ ಅನ್ನಿಸಬಾರದು ಅಂದ್ರೆ ಅದನ್ನ ಫಾಲ್ಸ್ ಜೊತೆ ಮೂರು ಈಕ್ವಲ್ (===) ಹಾಕೇ ಹೋಲಿಸಬೇಕು.

ಉದ್ದ ಅಳೆಯೋಕೆ ಸ್ಟ್ರ್‌ಲೆನ್ (strlen) ಬೇಡ, ಅದು ಅಕ್ಷರ ಅಲ್ಲ, ಬೈಟ್ ಎಣಿಸುತ್ತೆ. ಯುಟಿಎಫ್-8ರಲ್ಲಿ "ಕನ್ನಡ" ಅನ್ನೋ ಪದಕ್ಕೆ 15 ಬೈಟ್, ಗರಿಷ್ಠ 10 ಅಕ್ಷರ ಅಂತ ನಿಯಮ ಇಟ್ಟಿದ್ರೆ ಇಷ್ಟು ಚಿಕ್ಕ ಪದಾನೇ ರಿಜೆಕ್ಟ್ ಆಗುತ್ತೆ! ಎಂಬಿ ಸ್ಟ್ರ್‌ಲೆನ್ (mb_strlen) ಬಳಸಿದ್ರೆ 5 ಬರುತ್ತೆ, ಒತ್ತಕ್ಷರದಲ್ಲಿರೋ ಹಲಂತನೂ ಒಂದು ಅಂತ ಲೆಕ್ಕಕ್ಕೆ ಸೇರುತ್ತೆ, ಹಾಗಾಗಿ ಮಿತಿನ ಸ್ವಲ್ಪ ಧಾರಾಳವಾಗೇ ಇಡಿ.

ಸ್ವಿಚ್ ವಿಷಯಕ್ಕೆ ಬಂದ್ರೆ, ಪ್ರತಿ ನಿಯಮಕ್ಕೂ ಒಂದೊಂದು ಚಿಕ್ಕ ಕ್ಲಾಸ್ ಮಾಡಿ, ಎಲ್ಲಕ್ಕೂ ಒಂದೇ ಇಂಟರ್‌ಫೇಸ್. ಹೊಸ ನಿಯಮ ಬೇಕಾದಾಗ ಹಳೇ ಫೈಲ್ ಮುಟ್ಟೋ ಹಾಗಿರಬಾರದು. ಡೇಟಾನ ಹೊರಗಿಂದ ಅರೇ ಆಗಿ ಕೊಡಿ, ಆಗ ಜೇಸನ್ (JSON ರೂಪದ ಡೇಟಾ) ರಿಕ್ವೆಸ್ಟಿಗೂ ಅದೇ ಕ್ಲಾಸ್ ನಡೆಯುತ್ತೆ, ಟೆಸ್ಟ್ ಬರೆಯೋಕೆ ಬ್ರೌಸರ್ರೂ ಬೇಕಿಲ್ಲ. ಎರರ್‌ಗಳನ್ನ ಫೀಲ್ಡ್ ಹೆಸರಿನ ಕೆಳಗೆ ಸೇರಿಸಿ ಒಟ್ಟಿಗೆ ವಾಪಸ್ ಕೊಡಿ, ಒಂದು ತಪ್ಪು ಸರಿ ಮಾಡಿ ಸಬ್‌ಮಿಟ್ ಕೊಟ್ಟ ಮೇಲೆ ಇನ್ನೊಂದು ತಪ್ಪು ತೋರಿಸಿದ್ರೆ ಫಾರ್ಮ್ ತುಂಬೋರಿಗೆ ನಿಜವಾಗ್ಲೂ ಹಿಂಸೆ. ಕಡ್ಡಾಯ ಅಲ್ಲದ ಫೀಲ್ಡ್ ಖಾಲಿ ಇದ್ರೆ ಉಳಿದ ನಿಯಮಗಳನ್ನ ಓಡಿಸ್ಲೇಬೇಡಿ.

ಇನ್ನೊಂದು, ಯಾರಾದ್ರೂ ಫೀಲ್ಡ್ ಹೆಸರಿಗೆ ಚೌಕ ಬ್ರ್ಯಾಕೆಟ್ ಸೇರಿಸಿ ಕಳಿಸಿದ್ರೆ ನಿಮಗೆ ಸ್ಟ್ರಿಂಗ್ ಬದಲು ಅರೇ ಬರುತ್ತೆ, ಪಿಎಚ್‌ಪಿ 8ರಲ್ಲಿ ಅದನ್ನ ಟ್ರಿಮ್‌ಗೆ ಕೊಟ್ರೆ ಟೈಪ್ ಎರರ್ ಬಂದು ಪೇಜೇ ನಿಂತೋಗುತ್ತೆ, ಅದಕ್ಕೇ ಈಸ್ ಸ್ಟ್ರಿಂಗ್ ಚೆಕ್ ಎಲ್ಲಕ್ಕಿಂತ ಮುಂಚೆ ಇರ್ಲಿ. ರೆಜೆಕ್ಸ್ (ಪಠ್ಯದ ಮಾದರಿ ಹೊಂದುತ್ತಾ ಅಂತ ನೋಡೋ ಸೂತ್ರ) ಕೊನೆಗೆ ಡಾಲರ್ ಚಿಹ್ನೆ ಹಾಕಿದೀರಲ್ಲ, ಕೊನೇಲಿ ಒಂದು ನ್ಯೂಲೈನ್ ಇದ್ರೂ ಅದು ಪಾಸ್ ಮಾಡ್ಬಿಡುತ್ತೆ, ಡಿ ಮಾಡಿಫೈಯರ್ ಸೇರಿಸಿ, ದೊಡ್ಡಕ್ಷರದ ಡಿ (D).